ನಮ್ಮ ಕ್ರಿಸ್‌ಮಸ್ ಕೂಟದ ಮಟನ್ ಪಪ್ಸ್ ಬಂದ ದಾರಿ



ಕ್ರಿಸ್‌ಮಸ್ ಕೂಟಕ್ಕೆ ಏನು ತಿಂಡಿ ಎಂದು ನಮ್ಮ ಯುವಜನರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ನಿಮಗೆಲ್ಲ ನೆನಪಿದೆ. ಒಬ್ಬರು ಬಿರಿಯಾನಿ ಎಂದರು, ಒಬ್ಬರು ಸಮೋಸ ಎಂದರು. ಕೊನೆಗೆ ಉಳಿದದ್ದು ಮಟನ್ ಪಪ್ಸ್. ಅಂಗಡಿಯಿಂದ ತರಿಸಿದರೆ ನಮ್ಮ ನಿಧಿಯ ಅರ್ಧ ಅಲ್ಲೇ ಕರಗುತ್ತದೆ, ಆದ್ದರಿಂದ ನಾವೇ ಮಾಡೋಣ ಎಂದು ತೀರ್ಮಾನವಾಯಿತು. ಬಿ.ಎಸ್ಸಿ. ಓದಿದವನು, ಅಳತೆ ತಾಪಮಾನ ಎಲ್ಲ ಗೊತ್ತಿರುತ್ತದೆ ಎಂದು ಹೊಣೆಯನ್ನು ನನ್ನ ತಲೆಗೆ ಕಟ್ಟಿದರು. ಪದವಿಗೂ ಪಪ್ಸ್‌ಗೂ ಏನು ಸಂಬಂಧವೋ ಅಂದು ನನಗೆ ತಿಳಿಯಲಿಲ್ಲ. ಸ್ವಲ್ಪ ಇದೆ ಎಂದು ಆಮೇಲೆ ಗೊತ್ತಾಯಿತು.

ಆ ದಿನ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಈ ವಿಷಯ ಹೇಳಿದೆ. ತಾತ ತಲೆ ಎತ್ತದೆಯೇ, "ಹಾಳೆ ಯಾರು ಮಡಿಚ್ತಾರೆ?" ಎಂದರು. ಹಾಳೆ ಎಂದರೇನು ಎಂದು ನಾನು ಕೇಳಿದೆ. "ಹಿಟ್ಟಿನ ಹಾಳೆ ಕಣೋ. ಹದಿನಾಲ್ಕನೇ ವಯಸ್ಸಿಗೆ ಬೆಂಗಳೂರು ದಂಡಿನಲ್ಲಿ ನಾನು ಅದನ್ನೇ ಮಡಚ್ತಾ ಇದ್ದದ್ದು." ಇಪ್ಪತ್ತು ವರ್ಷಕ್ಕೂ ಮೇಲೆ ಅವರ ಜೊತೆ ಒಂದೇ ಮನೆಯಲ್ಲಿದ್ದೇನೆ. ನನಗೆ ತಿಳಿದಿದ್ದದ್ದು ತಾತ ಟೊಮೇಟೊ ಬೆಳೆದವರು ಎಂದಷ್ಟೇ. ಬೇಕರಿಯಲ್ಲಿ ಕೆಲಸ ಮಾಡಿದವರು ಎಂದು ಅಪ್ಪನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅಂದಿನಿಂದ ಈ ತಿಂಡಿಯ ಬೆನ್ನು ಹತ್ತಿದೆ. ಓದಿದ್ದನ್ನೂ ತಾತನಿಂದ ಕೇಳಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕೊನೆಗೆ ಮಾಡುವ ವಿಧಾನವೂ ಇದೆ, ಅದಕ್ಕಾಗಿಯೇ ಓದುವವರು ಸ್ವಲ್ಪ ತಾಳ್ಮೆ ವಹಿಸಿ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಅದು ಪಫ್. ಬೆಂಗಳೂರಿನಲ್ಲಿ ಒಂದಿದ್ದರೂ ಪಫ್ಸ್, ಹತ್ತಿದ್ದರೂ ಪಫ್ಸ್. ನಮ್ಮ ರಾಯಕೋಟೆ, ಹೊಸೂರು, ಕೃಷ್ಣಗಿರಿ ಕಡೆ ತಮಿಳಿನ ನಾಲಿಗೆಯಲ್ಲಿ ಹೊರಳಿ ಅದು ಪಪ್ಸ್ ಆಗಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಮಂಡಿಯಲ್ಲಿ ತೆಲುಗು ಆಡುವ ನಮಗೆ ಮೂರರಲ್ಲೂ ಪಪ್ಸ್ ಪಪ್ಸೇ. ಕೋಲ್ಕತ್ತ, ದೆಹಲಿ ಕಡೆ ಇದಕ್ಕೆ ಪ್ಯಾಟೀಸ್ ಎನ್ನುತ್ತಾರೆ. ಮಲೇಷ್ಯಾ ಸಿಂಗಪುರಗಳಲ್ಲಿ ಕರಿ ಪಫ್ ಇದೆ, ಅದನ್ನು ಮಲಯ ಭಾಷೆಯಲ್ಲಿ ಕರಿಪಪ್ ಎನ್ನುತ್ತಾರೆ. ಅವರ ಪಪ್ಪೂ ನಮ್ಮ ಪಪ್ಸೂ ಎಷ್ಟು ಹತ್ತಿರ ನೋಡಿ.

ಹಿಟ್ಟಿನೊಳಗೆ ಮಾಂಸ ತುಂಬುವುದನ್ನು ನಮಗೆ ಯಾರೂ ಯುರೋಪಿನಿಂದ ಬಂದು ಕಲಿಸಬೇಕಾಗಿರಲಿಲ್ಲ. 14ನೇ ಶತಮಾನದಲ್ಲಿ ದೆಹಲಿಗೆ ಬಂದ ಇಬ್ನ್ ಬತೂತ, ಮಹಮ್ಮದ್ ಬಿನ್ ತುಘಲಕನ ಆಸ್ಥಾನದ ಊಟದಲ್ಲಿ ಮಾಂಸ ತುಂಬಿದ ಸಮೋಸದಂಥ ತಿಂಡಿಯ ಬಗ್ಗೆ ಬರೆದಿದ್ದಾನೆ. ಪದರ ಪದರವಾಗಿ ಹಿಟ್ಟು ಮಾಡುವ ವಿದ್ಯೆಯೂ ನಮಗೆ ಹೊಸದಲ್ಲ. ಮದುವೆ ಮನೆಯ ಚಿರೋಟಿಯನ್ನು ನೆನೆಸಿಕೊಳ್ಳಿ. ಹಾಳೆಗಳ ನಡುವೆ ತುಪ್ಪ ಮತ್ತು ಅಕ್ಕಿಹಿಟ್ಟು ಕಲಸಿದ ಸಾಟಿ ಸವರಿ, ಸುತ್ತಿ, ಕತ್ತರಿಸಿ, ಲಟ್ಟಿಸಿ ಕರಿಯುತ್ತಾರೆ. ಪದರ ಬಿಚ್ಚಿಕೊಳ್ಳುವುದಕ್ಕೆ ಅಲ್ಲೂ ಕೊಬ್ಬೇ ಕಾರಣ. ಆದರೆ ಚಿರೋಟಿ ಬೇಯುವುದು ಎಣ್ಣೆಯಲ್ಲಿ, ಪಪ್ಸ್ ಬೇಯುವುದು ಭಟ್ಟಿಯ ಒಣ ಶಾಖದಲ್ಲಿ. ನಮ್ಮ ಕಡೆಯ ಅಡುಗೆಮನೆಯಲ್ಲಿ ಇಲ್ಲದಿದ್ದದ್ದು ಆ ಭಟ್ಟಿ, ಮತ್ತು ತಣ್ಣಗಿನ ಗಟ್ಟಿ ಬೆಣ್ಣೆ.

ಯುರೋಪಿನಲ್ಲಿ ಈ ಹಿಟ್ಟನ್ನು ಕಂಡುಹಿಡಿದದ್ದು ಯಾರು ಎನ್ನುವುದಕ್ಕೆ ಒಂದು ಚೆಂದದ ಕಥೆ ಹೇಳುತ್ತಾರೆ. 1645ರಲ್ಲಿ ಫ್ರಾನ್ಸಿನ ಒಬ್ಬ ಬೇಕರಿ ಹುಡುಗ ಕಾಯಿಲೆಯಾಗಿದ್ದ ತಂದೆಗೆ ರೊಟ್ಟಿ ಮಾಡಲು ಹೋಗಿ ಹಿಟ್ಟಿನೊಳಗೆ ಬೆಣ್ಣೆ ಇಟ್ಟು ಮಡಚಿದನಂತೆ, ಅದು ಉಬ್ಬಿತಂತೆ. ಇದನ್ನು ನಂಬಬೇಡಿ. ಅದಕ್ಕೆ ಮೂವತ್ತು ವರ್ಷ ಮೊದಲೇ, 1615ರಲ್ಲಿ, ಇಂಗ್ಲೆಂಡಿನ ಗರ್ವೇಸ್ ಮಾರ್ಕಮ್ ಗೃಹಿಣಿಯರಿಗಾಗಿ ಬರೆದ ಪುಸ್ತಕದಲ್ಲಿ ಬೆಣ್ಣೆ ಹಾಕಿ ಮಡಚುವ ಪಫ್ ಹಿಟ್ಟಿನ ವಿಧಾನ ಅಚ್ಚಾಗಿದೆ. ಸ್ಪೇನಿನಲ್ಲೂ ಇಂಥ ಪದರದ ಹಿಟ್ಟು ಆ ಕಾಲಕ್ಕಾಗಲೇ ಇತ್ತು. ಫ್ರೆಂಚರು ಅದನ್ನು ಒಂದು ಶಾಸ್ತ್ರವನ್ನಾಗಿ ಮಾಡಿದರು ಎನ್ನಬಹುದು. 1651ರಲ್ಲಿ ಲಾ ವರೆನ್ ಬರೆದ ಅಡುಗೆ ಪುಸ್ತಕ ಆ ಕೆಲಸಕ್ಕೆ ಹೆಸರಾದದ್ದು.

ಶಾಸ್ತ್ರ ಎಂದೆನಲ್ಲ, ಇಲ್ಲಿ ನನ್ನ ಬಿ.ಎಸ್ಸಿ.ಗೆ ಸ್ವಲ್ಪ ಕೆಲಸ. ಮೈದಾ ಹಾಳೆಯ ನಡುವೆ ಒಂದು ಬೆಣ್ಣೆಯ ಹಾಳೆ ಇಡುತ್ತೀರಿ. ಲಟ್ಟಿಸಿ ಮೂರು ಮಡಿಕೆ ಮಡಚಿದರೆ ಬೆಣ್ಣೆ ಮೂರು ಪದರವಾಯಿತು. ಇನ್ನೊಮ್ಮೆ ಮಾಡಿದರೆ 9, ಮತ್ತೊಮ್ಮೆ 27. ಫ್ರೆಂಚ್ ಪದ್ಧತಿಯಂತೆ ಆರು ಬಾರಿ ಮಡಚಿದರೆ 729. ಕೊನೆಗೆ ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದಾಗ ಒಂದೊಂದು ಪದರವೂ ತಲೆಗೂದಲಿಗಿಂತ ಎಷ್ಟೋ ತೆಳು. ಭಟ್ಟಿಗೆ ಹೋದ ಕೂಡಲೇ ಬೆಣ್ಣೆ ಕರಗಿ, ಹಿಟ್ಟಿನಲ್ಲಿರುವ ನೀರೂ ಬೆಣ್ಣೆಯಲ್ಲಿರುವ ನೀರೂ ಆವಿಯಾಗುತ್ತವೆ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೊರಗೆ ಹೋಗಲು ಕೊಬ್ಬಿನ ಪದರ ಬಿಡುವುದಿಲ್ಲ, ಆದ್ದರಿಂದ ಆವಿ ಹಾಳೆಯನ್ನೇ ಮೇಲಕ್ಕೆ ಎತ್ತುತ್ತದೆ. ಈಸ್ಟೂ ಇಲ್ಲ, ಸೋಡಾವೂ ಇಲ್ಲ. ಹಬೆಯೊಂದೇ.

ಇದೆಲ್ಲ ನಡೆಯಬೇಕಾದರೆ ಲಟ್ಟಿಸುವಾಗ ಬೆಣ್ಣೆ ಕರಗಬಾರದು. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯ ಒಳಗೆ, ಅದಕ್ಕೂ ಮೊದಲೇ ಮೆತ್ತಗಾಗಿ ಹಿಟ್ಟಿನೊಳಗೆ ಇಂಗಿಬಿಡುತ್ತದೆ. ಮದರಾಸಿನ ಸೆಕೆಯಲ್ಲಿ ಇದು ದೊಡ್ಡ ಸಾಹಸ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿರುವ ಬೆಂಗಳೂರಿನಲ್ಲಿ, ಬೆಳಗಿನ ಜಾವ, ಅಷ್ಟು ಕಷ್ಟವಲ್ಲ. ಬೇಕರಿಗಳು ಬೆಂಗಳೂರಿನಲ್ಲಿ ಚೆನ್ನಾಗಿ ಬೇರೂರಿದ್ದಕ್ಕೆ ಹವೆಯ ಪಾಲೂ ಇದೆ ಎಂದು ನನಗೆ ಅನಿಸುತ್ತದೆ. ಆದರೆ ಮುಖ್ಯ ಕಾರಣ ಸೈನ್ಯ. ಆ ಸೈನ್ಯ ಬಂದ ದಾರಿಯಲ್ಲಿ ನಮ್ಮ ಊರೂ ಇದೆ.

ನಮ್ಮ ದುರ್ಗದ ಬೆಟ್ಟಕ್ಕೆ ಸೆಲ್ಫಿ ತೆಗೆಯಲು ಹತ್ತುವವರು ಇದನ್ನು ಸ್ವಲ್ಪ ಗಮನಿಸಿ. ಮೂರನೇ ಮೈಸೂರು ಯುದ್ಧದಲ್ಲಿ, 1791ರ ಜುಲೈನಲ್ಲಿ, ಮೇಜರ್ ಗೌಡಿ ಎಂಬಾತನ ತುಕಡಿ ಟಿಪ್ಪುವಿನ ಕೈಯಿಂದ ರಾಯಕೋಟೆಯನ್ನು ಕಿತ್ತುಕೊಂಡಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಸೀಮೆಯ ಜೊತೆಗೆ ಅದು ಕಂಪನಿಯದಾಯಿತು. ಹೊಸೂರು ಇನ್ನೂ ಏಳು ವರ್ಷ ಮೈಸೂರಿನದೇ. ಅಂದರೆ ಗಡಿ ನಮ್ಮ ಊರಿನ ಪಕ್ಕದಲ್ಲೇ ಹಾದುಹೋಗಿತ್ತು. 1799ರ ಮಾರ್ಚ್ ಮೊದಲ ವಾರದಲ್ಲಿ ಜನರಲ್ ಹ್ಯಾರಿಸನ ದೊಡ್ಡ ಸೈನ್ಯ ರಾಯಕೋಟೆಯ ಬಳಿ ಬೀಡುಬಿಟ್ಟು, ಇಲ್ಲಿಂದಲೇ ಮೈಸೂರು ರಾಜ್ಯದೊಳಕ್ಕೆ ಕಾಲಿಟ್ಟಿತು. ಕೆಲಮಂಗಲ, ಆನೇಕಲ್ ದಾರಿಯಾಗಿ ಹೋಗಿ, ಮೇ 4ರಂದು ಶ್ರೀರಂಗಪಟ್ಟಣವನ್ನು ಹಿಡಿಯಿತು. ಅಂಥ ಸೈನ್ಯದ ಹಿಂದೆ ಹೋಗುವವರು ಸಿಪಾಯಿಗಳಿಗಿಂತ ಹೆಚ್ಚು: ಎತ್ತಿನವರು, ದವಸದ ವ್ಯಾಪಾರಿಗಳು, ಧೋಬಿಗಳು, ಅಡುಗೆಯವರು.

ಗೆದ್ದ ಮೇಲೆ ಸೈನ್ಯ ಶ್ರೀರಂಗಪಟ್ಟಣದಲ್ಲೇ ನಿಂತಿತು. ಅಲ್ಲಿ ಜ್ವರಕ್ಕೆ ಸಿಪಾಯಿಗಳು ಸಾಯತೊಡಗಿದಾಗ 1809ರಲ್ಲಿ ಬೆಂಗಳೂರಿಗೆ ಬಂತು. ಅದೇ ದಂಡು ಪ್ರದೇಶದ ಹುಟ್ಟು. ಬಿಳಿ ಸಿಪಾಯಿಗೆ ದಿನವೂ ಬ್ರೆಡ್ ಬೇಕು, ಅಧಿಕಾರಿಯ ಬಂಗಲೆಗೆ ಕೇಕು ಪಫ್ ಬೇಕು. ಆ ಕೆಲಸಕ್ಕೆ ನಿಂತವರಲ್ಲಿ ಮದರಾಸು ಸೀಮೆಯಿಂದ ಬಂದ ತಮಿಳರು ತುಂಬ. ಅವರಲ್ಲಿ ನಮ್ಮಂಥ ಕ್ರೈಸ್ತರೂ, ಮುಸ್ಲಿಮರೂ, ಅಂದಿನ ಸಮಾಜ ಹೊರಗಿಟ್ಟಿದ್ದ ಜಾತಿಗಳವರೂ ಇದ್ದರು. ಮಾಂಸ ಮುಟ್ಟಿ ಬೇಯಿಸಲು ಅಡ್ಡಿಯಿಲ್ಲದವರು ಅವರೇ ಆಗಿದ್ದರು.

1878ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಕೆನ್ನಿ ಹರ್ಬರ್ಟ್, ವೈವರ್ನ್ ಎಂಬ ಹೆಸರಿನಲ್ಲಿ, ಮದರಾಸಿನ ಇಂಗ್ಲಿಷ್ ಮನೆಗಳಿಗಾಗಿ ಒಂದು ಅಡುಗೆ ಪುಸ್ತಕ ಬರೆದ. (ಅದೇ ವರ್ಷದ ಡಿಸೆಂಬರಿನಲ್ಲಿ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ರಾಜಾಜಿ ಹುಟ್ಟಿದರು. ಅವರು ಶುದ್ಧ ಸಸ್ಯಾಹಾರಿ, ಈ ಲೇಖನಕ್ಕೆ ಸಂಬಂಧವಿಲ್ಲ, ಆದರೂ ನಮ್ಮ ಕಡೆಯವರಲ್ಲವೇ.) ಹತ್ತು ವರ್ಷದ ನಂತರ ಸ್ಟೀಲ್ ಮತ್ತು ಗಾರ್ಡಿನರ್ ಎಂಬ ಇಬ್ಬರು ಹೆಂಗಸರು ಇನ್ನೂ ದೊಡ್ಡದೊಂದು ಗೃಹಕೃತ್ಯದ ಪುಸ್ತಕ ಬರೆದರು. ಇಂಥ ಪುಸ್ತಕಗಳಲ್ಲಿ ದೊರೆಸಾನಿ ಅಡುಗೆಯವನಿಗೆ ಹೇಗೆ ಹೇಳಿಕೊಡಬೇಕು ಎಂಬುದಿದೆ. ಭಟ್ಟಿಯ ಮುಂದೆ ನಿಂತು ಬೆವರಿದವನ ಹೆಸರಿಗೆ ಜಾಗವಿಲ್ಲ. ರೊಟ್ಟಿ ಇಂಗ್ಲಿಷಿನವರದು, ಕೈ ನಮ್ಮವರದು. ಪುಸ್ತಕ ಬರೆದವರ ಹೆಸರು ಮಾತ್ರ ಉಳಿಯಿತು.

ನಮ್ಮವರ ಹೆಸರು ಉಳಿದ ಕಡೆಯೂ ಇದೆ. ತಲಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ಬಿಸ್ಕತ್ ಕಾರ್ಖಾನೆ ತೆರೆದರು. 1883ರಲ್ಲಿ ಒಬ್ಬ ಇಂಗ್ಲಿಷ್ ತೋಟಗಾರ ತಂದುಕೊಟ್ಟ ಮಾದರಿ ನೋಡಿ ಕ್ರಿಸ್‌ಮಸ್ ಕೇಕನ್ನು ಮಾಡಿಕೊಟ್ಟರು. ಬೆಂಗಳೂರಿನಲ್ಲಿ 1898ರಲ್ಲಿ, ಹಾಸನ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಬೇಕರಿ ಇಟ್ಟರು. ಅಯ್ಯಂಗಾರ್ ಬೇಕರಿಗಳ ಪರಂಪರೆ ಅಲ್ಲಿಂದ. ಪೇಟೆಯ ಜನ ಬೇಕರಿಯ ಪದಾರ್ಥವೆಂದರೆ ಮೈಲಿಗೆ, ಮೊಟ್ಟೆ ಸೇರಿರುತ್ತದೆ ಎಂದು ದೂರವಿಡುತ್ತಿದ್ದ ಕಾಲ. ಮಾಡುವವರು ಅಯ್ಯಂಗಾರ್ ಎಂದು ಬೋರ್ಡಿನಲ್ಲಿದ್ದರೆ ಆ ಭಯವಿಲ್ಲ. ಖಾರಾ ಬನ್ನು, ಪಲ್ಯ ತುಂಬಿದ ಪಫ್ಸು ಹಾಗೆ ಬೀದಿ ಬೀದಿಗೆ ಬಂತು. ದಂಡಿನ ಕಡೆ 1902ರಲ್ಲಿ ಶುರುವಾದ, ಈಗ ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿರುವ ಆಲ್ಬರ್ಟ್ ಬೇಕರಿ ಇನ್ನೊಂದು ಪರಂಪರೆ. ರಂಜಾನಿನಲ್ಲಿ ಅಲ್ಲಿ ಕೈಮಾ ತುಂಬಿದ್ದು, ಮಿದುಳು ತುಂಬಿದ್ದು ಕೊಳ್ಳಲು ಸಾಲು ನಿಲ್ಲುತ್ತದೆ. ಅದೇ ಬೇಕರಿ ಶುಭ ಶುಕ್ರವಾರಕ್ಕೆ ಶಿಲುಬೆ ಗುರುತಿನ ಬನ್ನೂ ಮಾಡುತ್ತದೆ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಮರಿಯಮ್ಮನವರ ಹಬ್ಬಕ್ಕೆ ಹೋಗುವವರು ಒಮ್ಮೆ ಆ ಕಡೆ ನಡೆದು ನೋಡಿ.

ಹೀಗೆ ಒಂದೇ ಹಾಳೆ ಪೇಟೆಯಲ್ಲಿ ಪಲ್ಯ ಹೊತ್ತಿತು, ದಂಡಿನಲ್ಲಿ ಕೈಮಾ ಹೊತ್ತಿತು. ನಮ್ಮ ಸೀಮೆಗೆ ಬರುವ ಹೊತ್ತಿಗೆ ಎರಡೂ ಕಲೆತುಹೋಗಿದ್ದವು. ತಮಿಳುನಾಡಿನ ಯಾವ ಬಸ್ ನಿಲ್ದಾಣಕ್ಕೆ ಹೋದರೂ 'ಬೆಂಗಳೂರ್ ಅಯ್ಯಂಗಾರ್ ಬೇಕರಿ' ಎಂಬ ಬೋರ್ಡು ಕಾಣುತ್ತದೆ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಮೊಟ್ಟೆ ಪಪ್ಸ್, ಚಿಕನ್ ಪಪ್ಸ್ ಧಾರಾಳವಾಗಿ ಕೂತಿರುತ್ತವೆ. ತಿರುಮಲಾಚಾರ್ ಅವರು ನೋಡಿದ್ದರೆ ಏನೆನ್ನುತ್ತಿದ್ದರೋ.

ಬೆಣ್ಣೆ ಮಾತ್ರ ದಾರಿಯಲ್ಲೇ ಬಿದ್ದುಹೋಯಿತು. 1937ರಲ್ಲಿ ಡಾಲ್ಡಾ ಬಂತು. ಬೆಣ್ಣೆಗಿಂತ ಅಗ್ಗ, ಸೆಕೆಯಲ್ಲೂ ಗಟ್ಟಿ. ಬೇಕರಿಯವರಿಗೆ ವರವೇ ಸಿಕ್ಕಿತು. ಆಮೇಲೆ ಪಫ್ಸ್‌ಗೆಂದೇ ಮಾಡಿದ ಮಾರ್ಗರೀನ್ ಬಂತು. ಇಂಥ ಕೊಬ್ಬು ಪೂರ್ತಿ ಕರಗಲು ನಮ್ಮ ಮೈಶಾಖವಾದ 37 ಡಿಗ್ರಿ ಸಾಲದೇ ಹೋಗಬಹುದು. ಅಂಗಡಿ ಪಪ್ಸ್ ತಿಂದಮೇಲೆ ಅಂಗಳಕ್ಕೆ ಮೇಣದಂತೆ ಅಂಟಿಕೊಳ್ಳುವುದು ಅದೇ. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು ಎಂದು ತಿಳಿದು, 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಅದು ನೂರಕ್ಕೆ 2ಕ್ಕಿಂತ ಹೆಚ್ಚಿರಬಾರದು ಎಂದು ನಮ್ಮ ದೇಶದಲ್ಲಿ ಕಾನೂನಿದೆ.

ಈಗ ತಾತನ ಕಥೆಗೆ ಬರುತ್ತೇನೆ. 1960ರ ದಶಕದಲ್ಲಿ ಮಳೆ ಕೈಕೊಟ್ಟ ಒಂದು ವರ್ಷ, ಊರಿನ ಒಬ್ಬರ ಜೊತೆ ಹೊಸೂರಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋದರು. ದಂಡಿನ ಒಂದು ಬೇಕರಿಯಲ್ಲಿ ಊಟ, ಮಲಗಲು ಜಾಗ, ತಿಂಗಳಿಗೆ ಸ್ವಲ್ಪ ಕಾಸು. ಬೆಳಗಿನ ಜಾವ ಎರಡಕ್ಕೆ ಎದ್ದು ಕಲ್ಲಿನ ಮೇಜಿನ ಮೇಲೆ ಹಾಳೆ ಲಟ್ಟಿಸಬೇಕು, ಏಕೆಂದರೆ ಬಿಸಿಲು ಏರಿದರೆ ಹಾಳೆ ಕೆಡುತ್ತದೆ. ಹಾಳೆ ಒಡೆದರೆ ಅದರ ದುಡ್ಡನ್ನು ಸಂಬಳದಲ್ಲಿ ಹಿಡಿಯುತ್ತಿದ್ದರಂತೆ. ಸೌದೆ ಭಟ್ಟಿಗೆ ಉದ್ದ ಹಿಡಿಯ ಮರದ ಸಲಿಕೆಯಲ್ಲಿ ಟ್ರೇ ತಳ್ಳುವಾಗ ಸುಟ್ಟ ಗುರುತು ಅವರ ಎಡ ಮುಂಗೈಯಲ್ಲಿ ಈಗಲೂ ಇದೆ. ಚಿಕ್ಕಂದಿನಲ್ಲಿ ನಾನು ಕೇಳಿದಾಗ ಬೆಲ್ಲದ ಪಾಕ ಬಿತ್ತು ಎಂದಿದ್ದರು.

"ಅಲ್ಲಿ ಮಟನ್ ಪಪ್ಸ್ ತಿಂದಿದ್ರಾ ತಾತ?" ಎಂದೆ. "ಎಣಿಸಿ ಇಡ್ತಿದ್ರಪ್ಪ. ನಮಗೆ ಅಂಚು." ಹಾಳೆಯನ್ನು ಚೌಕವಾಗಿ ಕತ್ತರಿಸುವಾಗ ಸುತ್ತ ಉಳಿಯುವ ಪಟ್ಟಿಗಳಿಗೆ ಸಕ್ಕರೆ ಉದುರಿಸಿ, ಎಲ್ಲ ಟ್ರೇ ಮುಗಿದ ಮೇಲೆ ಆರುವ ಭಟ್ಟಿಯಲ್ಲಿಟ್ಟು ಹುಡುಗರಿಗೆ ಕೊಡುತ್ತಿದ್ದರಂತೆ. ಮೂರು ವರ್ಷ ಆ ಕೆಲಸ ಮಾಡಿದರು. ಹೊಗೆಗೂ ಹಿಟ್ಟಿನ ಧೂಳಿಗೂ ಕೆಮ್ಮು ಹಿಡಿದು ಊರಿಗೆ ಮರಳಿದರು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ ಎಂದರು. ಯಾವುದಕ್ಕೆ ನಾಚಿಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಸರಿ, ಅಡುಗೆಗೆ ಹೋಗೋಣ. ನಾವು ಮಾಡಿದ್ದು 60 ಪಪ್ಸ್. ಮೊದಲ ಪ್ರಯತ್ನ ಕೂಟಕ್ಕೆ ಒಂದು ವಾರ ಮುಂಚೆ ನಡೆಯಿತು, ಪೂರ್ತಿ ಹಾಳಾಯಿತು. ಮಧ್ಯಾಹ್ನ ಎರಡು ಗಂಟೆಗೆ ಶುರುಮಾಡಿದ್ದೆವು, ಬೆಣ್ಣೆ ಮೇಜಿಗೆಲ್ಲ ಅಂಟಿತು. ಕೈಮಾ ಬೇರೆ ಬಿಸಿಯಾಗಿತ್ತು, ನೀರು ನೀರಾಗಿತ್ತು. ಭಟ್ಟಿಯಿಂದ ಬಂದದ್ದು ಚಪ್ಪಟೆ ಚಪ್ಪಲಿ. ತಾತ ಬಾಗಿಲಲ್ಲಿ ನಿಂತು ನೋಡಿ, "ಇದಕ್ಕೆ ಇಷ್ಟು ಓದಬೇಕಿತ್ತಾ?" ಎಂದು ಹೋದರು. ಎರಡನೇ ಸಲ ಅವರನ್ನೇ ಕುರ್ಚಿ ಹಾಕಿ ಕೂರಿಸಿದೆವು. ಬೆಳಗಿನ ಜಾವ ನಾಲ್ಕಕ್ಕೆ.

ಒಂದು ಕಿಲೋ ಮೈದಾ, 15 ಗ್ರಾಂ ಉಪ್ಪು, ಒಂದು ನಿಂಬೆಹಣ್ಣಿನ ರಸ, ಸುಮಾರು ಅರ್ಧ ಲೀಟರ್ ತಣ್ಣೀರು. ಕಲಸಿ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. 800 ಗ್ರಾಂ ಬೆಣ್ಣೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ತಟ್ಟಿ ಚೌಕ ಮಾಡಿ ಫ್ರಿಜ್ಜಿನಲ್ಲಿಡಿ. ಬೆಣ್ಣೆ ಬಗ್ಗಬೇಕು, ಮುರಿಯಬಾರದು, ಮೆತ್ತಗೂ ಇರಬಾರದು. ಹಿಟ್ಟು ಲಟ್ಟಿಸಿ, ಬೆಣ್ಣೆಯನ್ನು ನಡುವೆ ಇಟ್ಟು, ನಾಲ್ಕು ಕಡೆಯಿಂದ ಕವರಿನಂತೆ ಮುಚ್ಚಿ. ಉದ್ದಕ್ಕೆ ಲಟ್ಟಿಸಿ, ಮೂರು ಮಡಿಕೆ ಮಡಚಿ, ಅರ್ಧ ಗಂಟೆ ಫ್ರಿಜ್ಜಿಗೆ. ಪುಸ್ತಕದಂತೆ ನಾನು ಆರು ಬಾರಿ ಎಂದೆ. ತಾತ ನಾಲ್ಕಕ್ಕೆ ನಿಲ್ಲಿಸಿದರು: "ಮಾಂಸ ಭಾರ. ಪದರ ದಪ್ಪ ಇದ್ರೆ ತಡೆಯುತ್ತೆ." ನಾಲ್ಕು ಬಾರಿಗೆ 81 ಪದರ. ಅವರಿಗೆ ಆ ಲೆಕ್ಕ ಗೊತ್ತಿಲ್ಲ, ಆದರೆ ಅವರು ಹೇಳಿದ್ದೇ ಸರಿಹೋಯಿತು.

ಒಳಗಿನದಕ್ಕೆ ಒಂದೂವರೆ ಕಿಲೋ ಮಟನ್ ಕೈಮಾ, ಒಂದು ಕಿಲೋ ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ, ಧನಿಯ ಪುಡಿ, ಕಾಳುಮೆಣಸು, ಕೊನೆಗೆ ಕೊತ್ತಂಬರಿ ಸೊಪ್ಪು. ಟೊಮೇಟೊ ಹಾಕಬೇಡಿ. ಟೊಮೇಟೊ ಊರಿನವನೇ ಹೇಳುತ್ತಿದ್ದೇನೆ, ಹಾಕಬೇಡಿ, ನೀರು ಬಿಡುತ್ತದೆ. ಬಾಣಲೆಯಲ್ಲಿ ನೀರು ಪೂರ್ತಿ ಇಂಗುವವರೆಗೆ ಹುರಿದು, ಅಗಲ ತಟ್ಟೆಯಲ್ಲಿ ಹರಡಿ ತಣ್ಣಗೆ ಮಾಡಿ.

ಹಾಳೆಯನ್ನು ಮೂರು ಮಿಲಿಮೀಟರಿಗೆ ಲಟ್ಟಿಸಿ, 10 ಸೆಂಟಿಮೀಟರ್ ಚೌಕ ಕತ್ತರಿಸಿ. ಚಾಕು ಹರಿತವಾಗಿರಲಿ, ಮೊಂಡು ಚಾಕು ಅಂಚಿನ ಪದರಗಳನ್ನು ಒತ್ತಿ ಅಂಟಿಸಿಬಿಡುತ್ತದೆ. ಒಂದು ದೊಡ್ಡ ಚಮಚ ಕೈಮಾ ಇಟ್ಟು ಮಡಚಿ, ಮೇಲೆ ಮೊಟ್ಟೆ ಸವರಿ. 200ರಿಂದ 220 ಡಿಗ್ರಿಯಲ್ಲಿ 20-25 ನಿಮಿಷ. ಹೊಂಬಣ್ಣ ಬರುವ ಮುಂಚೆ ಬಾಗಿಲು ತೆಗೆಯಬೇಡಿ.

ಕೂಟಕ್ಕೆ ಅಕ್ಕಪಕ್ಕದ ಮನೆಯವರನ್ನೂ ಕರೆದಿದ್ದೆವಲ್ಲ, ಅಲ್ಲೊಂದು ಪ್ರಶ್ನೆ ಎದ್ದಿತು. ನಮ್ಮ ಮುಸ್ಲಿಂ ಗೆಳೆಯರು ತಿನ್ನಬೇಕಾದರೆ ಹಲಾಲ್ ಆಗಿರಬೇಕು. ಮಾಂಸ ತಿನ್ನದ ಮನೆಗಳೂ ಇದ್ದವು. "ಅವರಿಗೆ ಬಿಸ್ಕತ್ ಕೊಟ್ಟರಾಯಿತು" ಎಂದರು ನಮ್ಮಲ್ಲಿ ಒಬ್ಬರು. ನನಗೆ ಅದು ಸರಿಕಾಣಲಿಲ್ಲ. ಕರೆದು ಕೂರಿಸಿ ಬೇರೆ ತಟ್ಟೆ ಕೊಟ್ಟಂತಾಗುತ್ತದೆ. ಮಾತು ಸ್ವಲ್ಪ ಬಿಸಿಯಾಯಿತು, ಬಲಿಪೂಜೆ ಮುಗಿದ ಮೇಲೆ ಫಾದರ್ ಮುಂದೆಯೂ ಹೋಯಿತು. ಕೊನೆಗೆ ಮಟನ್ನನ್ನು ಹಲಾಲ್ ಅಂಗಡಿಯಿಂದಲೇ ತಂದೆವು. ಇನ್ನೊಂದು ಅರ್ಧ ಕಿಲೋ ಮೈದಾದ ಹಾಳೆಯಲ್ಲಿ ಆಲೂಗಡ್ಡೆ ಪಲ್ಯ ತುಂಬಿದೆವು, ಮೊಟ್ಟೆಯ ಬದಲು ಹಾಲು ಸವರಿದೆವು, ಬೇರೆ ಮೇಜು, ಬೇರೆ ಚಾಕು, ಬೇರೆ ಟ್ರೇ. ಮಟನ್‌ನದು ಚೌಕ, ಪಲ್ಯದ್ದು ತ್ರಿಕೋನ. ಇದೂ ತಾತನ ಬುದ್ಧಿಯೇ. ಕೂಗಿ ಕೇಳದೆ, ಆಕಾರ ನೋಡಿಯೇ ಯಾವುದು ಯಾರದೆಂದು ತಿಳಿಯಲಿ ಎಂದು ಬೇಕರಿಗಳಲ್ಲಿ ಹೀಗೆ ಮಾಡುತ್ತಾರಂತೆ.

ನಮ್ಮ ಯಾರ ಮನೆಯಲ್ಲೂ ಅಷ್ಟು ದೊಡ್ಡ ಓವನ್ ಇಲ್ಲ. ಹಿಂದೆ ಬೆಂಗಳೂರಿನಲ್ಲಿ ಕ್ರೈಸ್ತ ಮನೆಗಳವರು ಕ್ರಿಸ್‌ಮಸ್ ಕೇಕಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ಬೇಯಿಸಲು ಬೀದಿಯ ಬೇಕರಿಗೆ ಒಯ್ಯುತ್ತಿದ್ದರು. ನಾವೂ ಟ್ರೇಗಳನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಒಂದು ಬೇಕರಿಗೆ ಹೋದೆವು. ಅಲ್ಲಿನ ಹುಡುಗ ಬಿಹಾರದವನು, ವಯಸ್ಸು ಹದಿನೆಂಟಿರಬಹುದು. ತಾತ ಅವನ ಕೈಯನ್ನೇ ನೋಡುತ್ತಿದ್ದರು. ಟ್ರೇ ಹೊರಗೆ ಬಂದಾಗ ಎರಡು ಚೌಕ ಪಪ್ಸ್ ತೆಗೆದು ಮೊದಲು ಅವನಿಗೆ ಕೊಡಿಸಿದರು. ಭಾಷೆ ಬರದಿದ್ದರೂ ಸಕ್ಕರೆ ಡಬ್ಬ ತೋರಿಸಿ ಕೇಳಿದರು. ನಾವು ಕಸಕ್ಕೆಂದು ಕಟ್ಟಿಟ್ಟಿದ್ದ ಅಂಚಿನ ಪಟ್ಟಿಗಳನ್ನು ಬಿಚ್ಚಿ, ಸಕ್ಕರೆ ಉದುರಿಸಿ, ಆರುತ್ತಿದ್ದ ಭಟ್ಟಿಗೆ ತಾವೇ ಇಟ್ಟರು. ಮನೆಗೆ ಬರುವ ದಾರಿಯಲ್ಲಿ ಅದನ್ನೇ ತಿಂದರು. ಮಟನ್ ಪಪ್ಸ್ ಆಮೇಲೆ ತಿನ್ನುತ್ತೇನೆ ಎಂದರು.